ಮಗನ ಕೈಗೆ ಬ್ಯಾಂಜೊ, ಮನೆಯವರ ಕಿವಿಗೆ ಹತ್ತಿ

ಮಕ್ಕಳಿಗೆ ಸಂಗೀತ ಕಲಿಸಲು ಹೊರಟ ಅಪ್ಪಂದಿರಲ್ಲಿ ಎರಡು ಪಂಗಡ. ಒಂದು ಪಂಗಡ ಹಾರ್ಮೋನಿಯಂ ತಂದು ಮೂರನೇ ತಿಂಗಳಿಗೆ ಅಟ್ಟಕ್ಕೇರಿಸುತ್ತದೆ. ಇನ್ನೊಂದು ಕೀಬೋರ್ಡ್ ತಂದು, ಅದರೊಳಗೇ ತುಂಬಿಟ್ಟ ಹಾಡನ್ನು ನೆಂಟರಿಗೆ ಕೇಳಿಸಿ, "ನಮ್ಮ ಹುಡುಗಂದೇ" ಎಂದು ಮೀಸೆ ತಿರುವುತ್ತದೆ. ಇಬ್ಬರಿಗೂ ನನ್ನ ಶಿಫಾರಸು ಬ್ಯಾಂಜೊ. ಅದು ಸುಳ್ಳು ಹೇಳುವುದಿಲ್ಲ. ಹುಡುಗ ಬಾರಿಸಿದ್ದಷ್ಟೇ ಕೇಳಿಸುತ್ತದೆ, ಅದೂ ಇಡೀ ಬೀದಿಗೆ.

ಆಂಧ್ರದ ಕಲ್ಯಾಣದುರ್ಗದಲ್ಲೋ ಹಿಂದೂಪುರದಲ್ಲೋ "ಬ್ಯಾಂಜೊ ಕೊಡಣ್ಣಾ" ಅಂದರೆ ಅಮೆರಿಕದವರು ಹೆಗಲಿಗೆ ಹಾಕಿಕೊಳ್ಳುವ ಗುಂಡನೆಯ ವಾದ್ಯ ಬರುತ್ತದೆಂದು ಕಾಯಬೇಡಿ. ಬರುವುದು ಬುಲ್‌ಬುಲ್ ತರಂಗ್. ಉದ್ದನೆ ಮರದ ಪೆಟ್ಟಿಗೆ, ಮೇಲೆ ತಂತಿ, ಆ ತಂತಿಯ ಮೇಲೆ ಟೈಪ್‌ರೈಟರಿನಂಥ ಕೀಗಳು. ಹುಟ್ಟೂರು ಜಪಾನಿನ ನಗೋಯಾ. 1912ರಲ್ಲಿ ಮೊರಿತಾ ಗೊರೊ ಎಂಬಾತ ಮಾಡಿದ್ದು. ಅದೇ ವರ್ಷ ಗದ್ದುಗೆ ಏರಿದ ದೊರೆಯ ಕಾಲದ ಹೆಸರು ಹೊತ್ತು ಅಲ್ಲಿ ತೈಶೊಗೊತೊ ಆಯಿತು. ನಮ್ಮಲ್ಲಿಗೆ ಬಂದು ಮೆರವಣಿಗೆ, ಜಾತ್ರೆ ಎಲ್ಲ ಸುತ್ತಿತು.

ಮಕ್ಕಳಿಗೆ ಇದು ಯಾಕೆ ಸಲೀಸು ಅಂತೀರಾ? ಪಿಟೀಲಿನಲ್ಲಿ ಸ್ವರ ಎಲ್ಲಿದೆ ಎಂದು ಹುಡುಕುವುದರಲ್ಲೇ ಎರಡು ಬೇಸಿಗೆ ರಜೆ ಕಳೆಯುತ್ತದೆ. ಇಲ್ಲಿ ಎಡಗೈ ಕೀ ಒತ್ತಿದರೆ ಸ್ವರದ ಜಾಗ ತಾನೇ ಸಿಕ್ಕಿತು, ಬಲಗೈ ಕಡ್ಡಿಯಿಂದ ಮೀಟಿದರಾಯಿತು. ತಂತಿ ಬೆರಳು ಕೊಯ್ಯುವ ಮಾತೇ ಇಲ್ಲ. ಪಕ್ಕದ ಶ್ರುತಿ ತಂತಿಗಳು ಗುಂಯ್‌ಗುಟ್ಟುತ್ತಾ ತಪ್ಪನ್ನೂ ಒಂಚೂರು ಮುಚ್ಚಿಹಾಕುತ್ತವೆ. ವಾರದಲ್ಲಿ ಹುಡುಗ ಒಂದು ಹಾಡು ನುಡಿಸುತ್ತಾನೆ. ಹಿಂದೂಪುರದ ಹುಡುಗನಾದರೆ ಅದು ತೆಲುಗು ನಟ ಬಾಲಯ್ಯನ ಸಿನಿಮಾದ್ದೇ. ಊರ ಎಮ್ಮೆಲ್ಲೆ ಹಾಡು ಬಿಟ್ಟು ಮಾಯಾಮಾಳವಗೌಳ ಬಾರಿಸು ಅನ್ನಲು ಯಾರಿಗೆ ಧೈರ್ಯ?

"ಏನೋ ಅದು, ತಗಡು ಬಡಿದಂಗೈತೆ?"

"ಶ್ರುತಿ ಮಾಡ್ತಿದೀನಿ ಅಜ್ಜಿ."

"ಬೆಳಿಗ್ಗಿಂದಾನಾ?"

ಅಜ್ಜಿಯ ಕಿವಿ ಸರಿಯಾಗೇ ಇದೆ. ತಂತಿ ಸಡಿಲವಾದರೆ ಕೀ ಎಷ್ಟು ನೆಟ್ಟಗಿದ್ದರೂ ಸ್ವರ ಸೊಟ್ಟ, ಮಗು ಆ ಸೊಟ್ಟ ಸ್ವರವನ್ನೇ ಷಡ್ಜ ಎಂದು ನಂಬುತ್ತದೆ. ಆದ್ದರಿಂದ ಶಾಲೆಗೆ ಬ್ಯಾಂಜೊ ಬಂದರೆ ಮಕ್ಕಳಿಗಿಂತ ಮುಂಚೆ ಮೇಷ್ಟ್ರು ಬಿರಡೆ ತಿರುವಲು ಕಲಿಯಬೇಕು.

ವಿದ್ವಾಂಸರು ಮೂಗು ಮುರಿಯುತ್ತಾರೆ: ಕೀ ಒತ್ತಿದರೆ ಗಮಕ ಬರುತ್ತದೇನ್ರೀ? ಬರುವುದಿಲ್ಲ, ಒಪ್ಪಿದೆ. ಗಮಕ ಬೇಕೆನ್ನುವ ಹೊತ್ತಿಗೆ ಮಗು ವೀಣೆಗೆ ಹೋಗಲಿ. ಆದರೆ ಮ್ಯಾಂಡೊಲಿನ್ನನ್ನೂ ಹೀಗೇ ಅನುಮಾನದಿಂದ ನೋಡಿದ್ದರು. ಅದೇ ಆಂಧ್ರದ ಪಾಲಕೊಲ್ಲಿನ ಯು. ಶ್ರೀನಿವಾಸ್ 1978ರಲ್ಲಿ ಒಂಬತ್ತನೇ ವಯಸ್ಸಿಗೆ ಗುಡಿವಾಡದಲ್ಲಿ ಕಛೇರಿ ಕೊಟ್ಟ ಮೇಲೆ ಆ ಅನುಮಾನ ಬಹಳ ದಿನ ಉಳಿಯಲಿಲ್ಲ.

ಇನ್ನು ಫೋನಿನಲ್ಲಿ ನೋಡಿ ಗುಂಡನೆಯದೇ ಬೇಕು ಎಂದು ಹಟ ಹಿಡಿಯುವ ಮಕ್ಕಳು. ಆ ವಾದ್ಯವೂ ಅಮೆರಿಕದವರ ಸ್ವಂತದ್ದಲ್ಲ, ಗುಲಾಮರಾಗಿ ಹೋದ ಆಫ್ರಿಕದವರು ನೆನಪಿನಲ್ಲಿ ಹೊತ್ತು ಒಯ್ದದ್ದು. ಬುರುಡೆಗೆ ಚರ್ಮ ಬಿಗಿದು ಮೇಲೆ ತಂತಿ ಎಳೆಯುವುದು ಅದರ ಮೂಲ ರೂಪ. ಚರ್ಮಕ್ಕೆ ತಂತಿ ಕಟ್ಟುವ ವಿದ್ಯೆ ನಮಗೇನು ಹೊಸದೇ? ಪಕ್ಕದ ಬಳ್ಳಾರಿ ಸೀಮೆಯ ಜೋಗತಿಯರ ಚೌಡಿಕೆ ನೋಡಿ. ಐದು ತಂತಿಯ ಬ್ಯಾಂಜೊದಲ್ಲಿ ಒಂದೂ ಒತ್ತದೆ ಬರಿದೇ ಮೀಟಿದರೂ ಹೊಂದಿಕೆಯ ಸ್ವರಗುಚ್ಛ ಕೇಳುವಂತೆ ಶ್ರುತಿ ಮಾಡುವುದುಂಟು. ಮೊದಲ ದಿನವೇ ಮಗುವಿಗೆ ಗೆದ್ದ ಖುಷಿ. ಹಿಂಬದಿ ಮುಚ್ಚಳವಿಲ್ಲದ್ದು ಹಗುರ, ಸದ್ದೂ ಕಮ್ಮಿ. ಅದೂ ಜಾಸ್ತಿಯಾದರೆ ಚರ್ಮದ ಹಿಂದೆ ಬಟ್ಟೆ ತುರುಕಿ, ನುರಿತವರೂ ಹಾಗೇ ಮಾಡುತ್ತಾರೆ. ಮಳೆಗಾಲದ ತೇವಕ್ಕೆ ಚರ್ಮ ಸಡಿಲವಾಗುತ್ತದೆಂದು ಪುಸ್ತಕಗಳು ಹೆದರಿಸುತ್ತವೆ. ಅನಂತಪುರ ಸೀಮೆಯವರು ಆ ಪುಟ ಮಗುಚಿಬಿಡಬಹುದು. ನಮ್ಮಲ್ಲೇನಿದ್ದರೂ ಬಿಸಿಲಿಗೆ ಬಿಗಿದು ಹರಿಯುವ ಭಯ, ಹಾಗಾಗಿ ಪ್ಲಾಸ್ಟಿಕ್ ಹೊದಿಕೆಯದೇ ವಾಸಿ.

ಕಲಿಯಲು ಕೂತ ಮಗುವಿಗೆ, ತರಗತಿಗೆ, ನನ್ನ ಓಟು ಮಾತ್ರ ಬುಲ್‌ಬುಲ್ ತರಂಗ್‌ಗೇ. ದುಡ್ಡು ಎಣಿಸುವ ಮುಂಚೆ ಅಂಗಡಿಯಲ್ಲೇ ಕೂತು ಒಂದೊಂದು ಕೀಯನ್ನೂ ಒತ್ತಿ ನೋಡಿ. ಒತ್ತಿದ್ದು ಮೇಲೇಳದಿದ್ದರೆ ವಾಪಸ್ ಕೊಡಿ. ಬಿರಡೆ ತಿರುವುವ ಕೀಲಿಯನ್ನೂ ಒಂದು ಕಟ್ಟು ತಂತಿಯನ್ನೂ ಕೇಳಿ ಇಸ್ಕೊಳ್ಳಿ.