ಬರೂ ಆಟ ಬ್ಯಾರೇನೇ ಅದ, ಕಾಕಾ!

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಗಿನ ಹತ್ತು ಹೊಡೆದಾಗ ಜಹೀರಾಬಾದಿನಲ್ಲಿ ಎಷ್ಟು ಗಂಟೆ? ಕಾಯುವೀರನನ್ನು ಕೇಳಿ. ಬೇಸಿಗೆಯಾದರೆ ರಾತ್ರಿ ಹತ್ತೂವರೆ, ಚಳಿಗಾಲವಾದರೆ ಹನ್ನೊಂದೂವರೆ. ಅಲ್ಲಿಯವರು ಯಾವ ಭಾನುವಾರ ಗಡಿಯಾರದ ಮುಳ್ಳು ತಿರುಗಿಸುತ್ತಾರೆ ಎಂಬುದೂ ಅವನಿಗೆ ಬಾಯಿಪಾಠ. ತಮ್ಮ ಹೊಲದ ತೊಗರಿ ರಾಶಿ ಯಾವಾಗ ಅಂದರೆ ಮಾತ್ರ, ‘ಅಪ್ಪಗ ಕೇಳ್ರಿ’ ಅನ್ನುತ್ತಾನೆ.

ಕಾಯುವೀರ ಎನ್ನುವುದು ನಾನಿಟ್ಟ ಹೆಸರು. ಮನೆಯವರ ಲೆಕ್ಕದಲ್ಲಿ ಅವನು ಡಿಗ್ರಿ ಮುಗಿಸಿ ಸರ್ಕಾರಿ ನೌಕರಿಯ ಗ್ರೂಪ್ ಪರೀಕ್ಷೆಗೆ ಓದುತ್ತಿರುವ ಹುಡುಗ. ಕಾಯುವ ವಿದ್ಯೆಯ ದೊಡ್ಡ ಪಾಠ ಆದದ್ದೂ ಅಲ್ಲೇ ಇರಬೇಕು. ತೆಲಂಗಾಣದಲ್ಲಿ 2022ರಲ್ಲಿ ಕರೆದ ಗ್ರೂಪ್-1ರ ಪ್ರಿಲಿಮ್ಸ್ ಎರಡು ಸಲ ನಡೆದು ಎರಡು ಸಲವೂ ರದ್ದಾಯಿತು. 2024ರ ಫೆಬ್ರುವರಿಯಲ್ಲಿ ಹೊಸದಾಗಿ ಅಧಿಸೂಚನೆ ಬಂತು. ಇಷ್ಟನ್ನು ತಡೆದುಕೊಂಡವನಿಗೆ ಆನ್‌ಲೈನ್ ಆಟವೊಂದು ಆರು ತಿಂಗಳು ಮುಂದೆ ಹೋಗುವುದು ಯಾವ ಲೆಕ್ಕ?

ಅವನು ಕಾಯುವುದು ಸಣ್ಣಪುಟ್ಟ ಆಟಕ್ಕಲ್ಲ. ಸಾವಿರಾರು ಜನ ಒಂದೇ ಕಾಲ್ಪನಿಕ ಲೋಕಕ್ಕೆ ನುಗ್ಗಿ, ಒಬ್ಬ ಮಂತ್ರಗಾರ, ಒಬ್ಬ ಕತ್ತಿವೀರ, ಒಬ್ಬ ಬಡಗಿ ಅಂತ ವೇಷ ತೊಟ್ಟು ವರ್ಷಗಟ್ಟಲೆ ಬದುಕುವ ಎಂಎಂಒಆರ್‌ಪಿಜಿ ಎಂಬ ಜಾತಿಯ ಆಟಕ್ಕೆ. ಅಮೆರಿಕದ ಗಡಿಯಾರ ನೋಡಿ ಬಾಗಿಲು ತೆರೆಯುವ ಅಂಥ ಹೊಸದೊಂದರ ಸುದ್ದಿ ಬಂದ ದಿನವೇ ಇವನ ಕೆಲಸ ಶುರು. ಆಟ ಇನ್ನೂ ಹುಟ್ಟಿರುವುದಿಲ್ಲ, ಇವನ ಪಾತ್ರಕ್ಕೆ ಹೆಸರು, ಕುಲ, ಕಸುಬು, ಕುದುರೆಯ ಬಣ್ಣ ಎಲ್ಲ ನಿಶ್ಚಯವಾಗಿರುತ್ತದೆ. ಮೂರು ನಿಮಿಷದ ಟ್ರೇಲರನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಹಿಂದಿನ ಗುಡ್ಡದ ಮೇಲೆ ಕಂಡ ನೆರಳು ಡ್ರ್ಯಾಗನ್ನಿನದೋ ಮೋಡದ್ದೋ ಎಂದು ವಾರವಿಡೀ ವಾದಿಸುತ್ತಾನೆ.

ವಾದಿಸಲು ಗಿಲ್ಡ್ ಇದೆ. ಗಿಲ್ಡ್ ಎಂದರೆ ಆಟದೊಳಗಿನ ಪಂಗಡ. ಇವರದರಲ್ಲಿ ಇರುವುದು ಮೂರೇ ಜನ. ಜಹೀರಾಬಾದಿನ ಇವನು, ತಾಂಡೂರಿನವನೊಬ್ಬ, ನಾರಾಯಣಖೇಡದವನೊಬ್ಬ. ಇವರ ಅಜ್ಜಂದಿರ ಕಾಲದಲ್ಲಿ ತಾಂಡೂರು ಗುಲಬರ್ಗಾ ಜಿಲ್ಲೆಯ ತಾಲ್ಲೂಕು, ಉಳಿದೆರಡು ಬೀದರ ಜಿಲ್ಲೆಯವು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು, ಈ ತಾಲ್ಲೂಕುಗಳು ಆಂಧ್ರ ಪ್ರದೇಶಕ್ಕೆ ಸೇರಿದವು. ಹೀಗಾಗಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ. ಹೆಡ್‌ಫೋನ್ ಏರಿಸಿದರೆ ಮೂರೂ ಒಂದೇ ಉಸಿರಿಗೆ: ‘ಭಾಯ್, ಹಿಂದಿಂದ ಬರ್ಲತ್ತಾರ, ಪರಿಗೆತ್ತು, ಪರಿಗೆತ್ತು, ಜಲ್ದೀ!’ ಎದುರು ಪಾಳೆಯದ ಯಾವನೋ ಯುರೋಪಿನ ಹುಡುಗ ಇದನ್ನು ಕೇಳಿಸಿಕೊಂಡು, ಇದೇನೋ ಸೇನೆಯ ಗುಪ್ತಭಾಷೆ ಎಂದು ಕಾಲಿಗೆ ಬುದ್ಧಿ ಹೇಳಿದ್ದೂ ಇದೆಯಂತೆ. ಹೇಳಿದವನು ಕಾಯುವೀರನೇ ಆದ್ದರಿಂದ ನಂಬಿಕೆ ನಿಮಗೆ ಬಿಟ್ಟದ್ದು.

ಮನೆಯ ಹಿರಿಯರಿಗೆ ಇದನ್ನು ತಿಳಿಸಿ ಹೇಳುವುದೇ ಒಂದು ಕಂಟಕ. 2017ರಲ್ಲಿ ತೆಲಂಗಾಣ ಸರ್ಕಾರ ಆನ್‌ಲೈನ್ ರಮ್ಮಿಯನ್ನು ನಿಷೇಧಿಸಿದಾಗಿನಿಂದ ಅವನ ಕಾಕಾನಿಗೆ ಕಂಪ್ಯೂಟರಿನಲ್ಲಿ ಆಡುವುದೆಲ್ಲ ರಮ್ಮಿ.

‘ಏ ತಮ್ಮಾ, ರಮ್ಮಿ ಅಲ್ಲ ಹೌದಿಲ್ಲೋ ಇದು?’

‘ಅಲ್ಲ ಕಾಕಾ. ಇದರಾಗ ನಾ ಮಂತ್ರಗಾರ ಇರ್ತೀನಿ. ರಾಕ್ಷಸರಿಗಿ ಹೊಡಿತೀನಿ.’

‘ಹೊಡದ್ರ ರೊಕ್ಕ ಎಷ್ಟ್ ಕೊಡ್ತಾರ?’

‘ಅವರೇನ್ ಕೊಡಲ್ಲ. ನಾವೇ ಕೊಡಬೇಕು.’

ಕಾಕಾ ಸ್ವಲ್ಪ ಹೊತ್ತು ಯೋಚಿಸಿ, ‘ಹಂಗಾರ ರಮ್ಮಿನೇ ಪಾಡ ಇತ್ತಲ್ಲೋ’ ಅಂದರು.

ಸದ್ಯಕ್ಕೆ ಕಾಯುವೀರನ ಭಕ್ತಿ ಎರಡು ಕಡೆ ಹಂಚಿದೆ. ಒಂದು, ಸ್ಟಾರ್ ಸಿಟಿಜನ್ ಎಂಬ ಆಕಾಶಯಾನದ ಆಟ. 2012ರಲ್ಲಿ ಜನರಿಂದ ಚಂದಾ ಎತ್ತಲು ಶುರುಮಾಡಿ 80 ಕೋಟಿ ಡಾಲರ್ ದಾಟಿತು. ಸಂಗ್ರಹ ನಡೆದೇ ಇದೆ, ಆಟ ಮಾತ್ರ ಮುಗಿದಿಲ್ಲ. ಇನ್ನೊಂದು, ರಯಟ್ ಎಂಬ ಆಟದ ಕಂಪನಿಯದು. ಆ ಆಟ ಮಾಡುತ್ತಿದ್ದಾರೆ ಎಂದು ಗೊತ್ತಾದದ್ದು 2020ರ ಡಿಸೆಂಬರಿನಲ್ಲಿ. 2024ರ ಮಾರ್ಚಿನಲ್ಲಿ, ದಾರಿ ಬದಲಿಸಿದ್ದೇವೆ, ಇನ್ನು ಕೆಲವು ವರ್ಷ ಸುದ್ದಿಯೇ ಹೇಳುವುದಿಲ್ಲ ಎಂದರು. ಬೇರೆ ಊರಿನ ಹುಡುಗರಾಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಜಹೀರಾಬಾದಿನವನು ಅಲುಗಲಿಲ್ಲ. ನ್ಯಾಲ್ಕಲ್, ಝರಾಸಂಗಮ್ ಕಡೆ 12,000 ಎಕರೆಗೂ ಮೀರಿದ ಕೈಗಾರಿಕಾ ವಲಯಕ್ಕೆ 2016ರಲ್ಲೇ ದಿಲ್ಲಿಯ ಒಪ್ಪಿಗೆ ಸಿಕ್ಕಿದೆ. ಅಲ್ಲಿ ನೌಕರಿ ಸಿಕ್ಕೀತು ಎಂದು ಅವನ ಅಣ್ಣನ ಓರಗೆಯವರು ಕಾದ ಬಗೆ ನೋಡಿ ಬೆಳೆದವನು ಅವನು. ನಾರಾಯಣಖೇಡದವನು ಇನ್ನೂ ಗಟ್ಟಿ. ಅವನೂರಿಗೆ ರೈಲೇ ಇಲ್ಲ.

ಇಷ್ಟಾದ ಮೇಲೂ ಒಮ್ಮೊಮ್ಮೆ ಆಟ ನಿಜವಾಗಿಯೂ ಬಂದುಬಿಡುತ್ತದೆ.

ಅಮೆಜಾನಿನವರ ನ್ಯೂ ವರ್ಲ್ಡ್ ಹಾಗೆ ಬಂತು, 2021ರ ಸೆಪ್ಟೆಂಬರ್ 28ಕ್ಕೆ. ಜುಲೈನಲ್ಲಿ ಪ್ರಾಯೋಗಿಕ ಆವೃತ್ತಿ ಬಿಟ್ಟಾಗಲೇ ಕೆಲವರ ಅತಿ ದುಬಾರಿ ಗ್ರಾಫಿಕ್ಸ್ ಕಾರ್ಡುಗಳು ಆಟದ ನಡುವೆ ಕೆಟ್ಟುಹೋಗಿದ್ದವು. ‘ನಮ್ಮದು ಸುಡಲ್ಲ, ಸುಡುವಷ್ಟು ಛಲೋ ಇಲ್ಲ’ ಎಂದು ಇವರು ಧೈರ್ಯ ಹೇಳಿಕೊಂಡರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಒಂದೇ ಹೊತ್ತಿಗೆ ಆಡಲು ಕೂತವರ ಸಂಖ್ಯೆ 9 ಲಕ್ಷ ದಾಟಿತು. ಸರ್ವರ್ ಬಾಗಿಲಲ್ಲಿ ಗಂಟೆಗಟ್ಟಲೆ ಪಾಳಿ. ಮುಂದೆ ಇನ್ನೆಷ್ಟು ಸಾವಿರ ಜನರಿದ್ದಾರೆ ಎಂಬ ಅಂಕಿಯನ್ನು ನೋಡುತ್ತ ಕಾಯುವೀರ ಕೂತಿದ್ದ. ನೀರು ಕುಡಿಯಲು ಎದ್ದ ಅವ್ವ ಇಣುಕಿದರು.

‘ಏನೋ ಅದು, ನಂಬರ್ ನೋಡ್ಕೋತ ಕುಂತಿ?’

‘ಪಾಳಿ ಅದ ಅವ್ವಾ.’

‘ರೇಷನ್ನಿಂದಾ?’

‘ಆಟದ್ದು.’

‘ಆಟಕ್ಕೂ ಪಾಳಿ ಹಚ್ಚತಾರಾ?’ ಅವ್ವ ಮಲಗಲು ಹೋದರು. ಅಂಕಿ ಮೂರಂಕಿಗೆ ಇಳಿದಿತ್ತು. ಆಗ ಕರೆಂಟ್ ಹೋಯಿತು.

ಒಳಗೆ ಹೊಕ್ಕ ಮೇಲೆ ಅಲ್ಲಿ ನಡೆದದ್ದೇನು ಎಂಬುದು ನನಗೆ ಬಹಳ ಖುಷಿ ಕೊಟ್ಟ ಭಾಗ. ಆ ಲೋಕದಲ್ಲಿ ಮೊದಲ ದಿನದಿಂದಲೇ ಮರ ಕಡಿಯಬೇಕು, ಬಂಡೆ ಒಡೆಯಬೇಕು, ಮೀನು ಹಿಡಿಯಬೇಕು, ಅಡುಗೆ ಮಾಡಬೇಕು. ತಾಂಡೂರಿನವನ ಮನೆಯವರದು ಕಲ್ಲಿನ ಕಸುಬು. ದೇಶದ ಎಷ್ಟೋ ಪಡಸಾಲೆಗಳಿಗೆ ಹಾಸಿದ ತಾಂಡೂರು ಕಲ್ಲು. ಪಾಲಿಶ್ ಯೂನಿಟ್ಟಿನ ಧೂಳಿಗೆ ಕೆಮ್ಮು ಬರ್ತದ ಎಂದು ಅತ್ತ ತಲೆಹಾಕದ ಈ ಕುಮಾರಕಂಠೀರವ, ರಾತ್ರಿ ಮೂರರವರೆಗೆ ಕೂತು ಆಟದಲ್ಲಿ ಬಂಡೆ ಒಡೆಯುತ್ತಿದ್ದ. ಒಡೆದು ಒಡೆದು ‘ಗಣಿಗಾರಿಕೆ’ಯಲ್ಲಿ ಬಡ್ತಿ ಬಂದ ರಾತ್ರಿ ಮನೆ ಹಾರುವಂತೆ ಕೂಗಿದ. ಎದ್ದು ಬಂದ ಅಪ್ಪ ಪರದೆ ನೋಡಿ, ‘ಕಲ್ಲೇ ಒಡಿಯೂದಿದ್ರ ನಮ್ಮ ಖಣಿಗಿ ಬಾರಲೇ, ಕೂಲಿಯರ ಸಿಗ್ತದ’ ಎಂದು ದೀಪ ಆರಿಸಿದರು.

ಕಾಯುವೀರ ಅಲ್ಲೊಂದು ಮನೆ ಕೊಂಡ. ಕೆರೆ ಕಾಣುವ ಮನೆ. ಆ ಆಟದಲ್ಲಿ ಮನೆಗೆ ತೆರಿಗೆ ಉಂಟು, ಹೊತ್ತಿಗೆ ಸರಿಯಾಗಿ ಕಟ್ಟದಿದ್ದರೆ ಮನೆಯ ಸವಲತ್ತುಗಳು ನಿಲ್ಲುತ್ತವೆ. ತೋಳಗಳ ಚರ್ಮ ಸುಲಿದು ಮಾರಿ ಅವನು ಒಂದು ಕಂತನ್ನೂ ತಪ್ಪಿಸಲಿಲ್ಲ. ಅದೇ ಕಾಲಕ್ಕೆ, ಮುನ್ಸಿಪಾಲ್ಟಿಯ ತೆರಿಗೆ ಕಟ್ಟಿ ಬಾ ಎಂದು ಅಪ್ಪ ಕೊಟ್ಟ ಚೀಟಿ ಅವನ ಪ್ಯಾಂಟಿನ ಜೇಬಿನಲ್ಲಿ ಎರಡು ಸಲ ಒಗೆಸಿಕೊಂಡಿತ್ತು.

ಆಮೇಲೆ ದಣಿವು. ಇದು ನೇರವಾಗಿ ಬರುವುದಿಲ್ಲ. ಮೊದಲು ಕರ್ತವ್ಯದ ವೇಷದಲ್ಲಿ ಬರುತ್ತದೆ. ಇಂಥ ಆಟಗಳಲ್ಲಿ ದಿನದ ಕೆಲಸ, ವಾರದ ಕೆಲಸ, ಹಾಜರಿ ಬಹುಮಾನ ಎಂದೆಲ್ಲ ಇರುತ್ತದೆ. ಒಂದು ದಿನ ತಪ್ಪಿದರೆ ಜೊತೆಯವರು ಮುಂದೆ ಹೋಗುತ್ತಾರೆ. ನೌಕರಿ ಇಲ್ಲದ ಹುಡುಗನಿಗೆ ರಜೆಯೇ ಇಲ್ಲದ ನೌಕರಿ ಸಿಕ್ಕಿತು. ಹಬ್ಬಕ್ಕೆ ಬಂದ ಅಕ್ಕನ ಎದುರು, ‘ಸ್ವಲ್ಪ ತಡಿ, ಇವತ್ತಿಂದು ಮುಗಿಸಿ ಬರ್ತೀನಿ’ ಎಂದು ಗುಮಾಸ್ತನ ಮುಖ ಮಾಡಿದ. ಕಣ್ಣು ಕೆಂಪು, ಕತ್ತು ನೆಟ್ಟಗೆ ನಿಲ್ಲದು. ಕೊನೆಕೊನೆಗೆ ಲಾಗಿನ್ ಆಗುವುದು, ಹಾಜರಿ ಬಹುಮಾನ ಎತ್ತಿಕೊಳ್ಳುವುದು, ಹೊರಬರುವುದು. ನಮ್ಮ ಕೆಲವು ಕಚೇರಿಗಳ ಹಿರಿಯ ಸಿಬ್ಬಂದಿ ಮೂವತ್ತು ವರ್ಷದಲ್ಲಿ ಮುಟ್ಟುವ ಈ ಹದವನ್ನು ಅವನು ಒಂದು ತಿಂಗಳೊಳಗೆ ಮುಟ್ಟಿದ.

ನನಗೆ ಬೇಸರವಾಗಿದೆ ಎಂದು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ‘ಆಟ ಕೆಡಸ್ಯಾರ ಭಾಯ್’ ಅನ್ನುತ್ತಾನೆ. ಕೊನೆಯ ಹಂತದಲ್ಲಿ ಮಾಡಲು ಏನೂ ಇಲ್ಲ, ರೊಕ್ಕ ಇದ್ದವರೇ ಗೆಲ್ತಾರ, ಮೊದಲಿನ ಹಂಗ ಜನ ಇಲ್ಲ. ಕಡೆಗೆ, ಹಳೇ ಕಾಲದ ಆಟಗಳೇ ಛಲೋ ಇದ್ದವು ಎಂಬ ಹಳಹಳಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಹೊರಬಂದದ್ದು 2004ರ ನವೆಂಬರಿನಲ್ಲಿ. ಅದರ ಆ ಹಳೆಯ ರೂಪವನ್ನೇ 2019ರಲ್ಲಿ ಕಂಪನಿ ಕ್ಲಾಸಿಕ್ ಎಂದು ಮತ್ತೆ ಬಿಟ್ಟಿತು. ಅದನ್ನು ಹಾಕಿಕೊಂಡು ಕಾಯುವೀರ ನಿಟ್ಟುಸಿರು ಬಿಡುತ್ತಾನೆ: ‘ಅವಾಗಿನ ದಿನಾನೇ ಬ್ಯಾರೆ.’ ಅವಾಗ ಅವನ ಬಾಯಲ್ಲಿದ್ದದ್ದು ಹಾಲುಹಲ್ಲು.

ಇಷ್ಟು ಬಸವಳಿದವನು ಎದ್ದು ಕೂರಲು ಹೊಸ ಟ್ರೇಲರ್ ಒಂದೇ ಸಾಕು. ‘ಬರೂ ಆಟ ಬ್ಯಾರೇನೇ ಅದ, ಕಾಕಾ!’

ನನಗೆ ಕೇಳಿದರೆ, ಆಡುವ ಕಾಯುವೀರನಿಗಿಂತ ಕಾಯುವ ಕಾಯುವೀರನೇ ಮೇಲು. ಕಾಯುವಾಗ ಅವನು ಸ್ನಾನ ಮಾಡುತ್ತಾನೆ, ನಗುತ್ತಾನೆ, ಕಾಕಾನ ಬಿಪಿ ಗುಳಿಗೆ ತಂದುಕೊಡುತ್ತಾನೆ. ಇದನ್ನು ಮನೆಯಲ್ಲಿ ಮೊದಲು ಕಂಡುಕೊಂಡವರು ಅವ್ವ. ಆಟಗಳ ದಿನಾಂಕವನ್ನು ಈಗ ಮಗನಿಗಿಂತ ಹೆಚ್ಚು ವಿಚಾರಿಸುವವರು ಅವರೇ. ‘ಏ ತಮ್ಮಾ, ಮುಂದ್ ಹಾಕ್ಯಾರೇನೋ? ಹಾಕ್ಯಾರಾ? ಹಂಗಾರ ಈ ಜೋಳ ಗಿರಣಿಗಿ ಒಯ್ದು ಬಾ.’ ಝರಾಸಂಗಮ್‌ನ ಕೇತಕಿ ಸಂಗಮೇಶ್ವರನಿಗೆ ಆಕೆ ಹರಕೆ ಹೊತ್ತಿದ್ದಾರೆ ಎಂದೂ ಸುದ್ದಿ. ರಯಟ್ ಕಂಪನಿಯ ತಡ ನೋಡಿದರೆ ಸ್ವಾಮಿ ಒಲಿದಂತೆಯೇ ಇದೆ.

ಈ ಕಥೆಯಲ್ಲಿ ದಣಿಯದೆ ಉಳಿದವನು ನಾರಾಯಣಖೇಡದವನು. ಗಿಲ್ಡಿನಲ್ಲಿ ಅವನು ವೈದ್ಯ, ಅಂದರೆ ಬೇರೆಯವರ ಗಾಯ ಮಾಯಿಸುವವನು. ಯಾರಿಗೂ ಬೇಡವಾದ ಆ ಹುದ್ದೆಯನ್ನು ಅವನಿಲ್ಲದಾಗ ಅವನಿಗೆ ಕಟ್ಟಿದ್ದರು. ಆದರೆ ಅವನ ಹತ್ತಿರ ಇದ್ದದ್ದು ಒಂದು ಫೋನು ಮಾತ್ರ. ನಾಲ್ಕು ವರ್ಷ ಯಾವ ಆಟವನ್ನೂ ಆಡದೆ ಎಲ್ಲ ಆಟಗಳ ಔಷಧ, ಮಂತ್ರ, ಶಾಪ ಕಲಿತ. ಕೊನೆಗೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಿಂದ ಸೆಕೆಂಡ್ ಹ್ಯಾಂಡ್ ಸಿಸ್ಟಮ್ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ತಂದದ್ದು 2025ರ ನವೆಂಬರಿನಲ್ಲಿ. ನ್ಯೂ ವರ್ಲ್ಡ್‌ಗೆ ಇನ್ನು ಹೊಸದೇನನ್ನೂ ಸೇರಿಸುವುದಿಲ್ಲ ಎಂದು ಅಮೆಜಾನ್ ಹೇಳಿದ್ದು ಅದಕ್ಕೆ ಸ್ವಲ್ಪ ಮೊದಲು, ಅಕ್ಟೋಬರಿನಲ್ಲಿ.

ಒಳಗೆ ಹೋದವನೇ ಫೋನ್ ಮಾಡಿದ. ಕಾಯುವೀರ ಊಟಕ್ಕೆ ಕೂತಿದ್ದ. ಕೈ ಎಂಜಲು, ಸ್ಪೀಕರ್ ಹಾಕಿದ.

‘ಭಾಯ್, ಪಾಳಿನೇ ಇಲ್ಲ! ಸೀದಾ ಒಳಗ ಬಂದೆ!’

‘ಅದು ಸತ್ತ ಆಟ, ಬಿಡೋ.’

‘ಎಲ್ಲಿ ಸತ್ತದ? ಮರ ಅವ, ಕೆರಿ ಅದ, ಬಂಡಿಗಲ್ಲು ಹಂಗೇ ಅವ. ಒಂದೇ ತ್ರಾಸು ನೋಡು, ನಾ ಇದ್ದ ಊರಾಗ ಗಾಯ ಆಗೋರೇ ಯಾರೂ ಇಲ್ಲ. ನೀ ಒಂದೀಟು ಬಂದು ತೋಳನ ಕೈಲೆ ಕಚ್ಚಿಸ್ಕೋ.’

‘ನನಗ ಬ್ಯಾಸರ ಆಗ್ಯದ.’

‘ಬ್ಯಾಸರ ಏನ್ ಬಂತು? ಕೆರಿ ದಂಡಿ ಮ್ಯಾಲ ನಿಂದೇ ಮನಿ ಅಲ್ಲ ಅದು? ಎಷ್ಟ್ ವರ್ಷದ್ದು ತೆರಿಗಿ ಬಾಕಿ ಉಳದದೋ ಏನೋ!’

ರೊಟ್ಟಿ ಮುರಿಯುತ್ತಿದ್ದ ಅಪ್ಪ ಕತ್ತೆತ್ತಿದರು.

‘ಯಾರದು, ಮುನ್ಸಿಪಾಲ್ಟಿಯವರಾ? ಕೊಡಿಲ್ಲಿ ಫೋನು.’