ಆಕಾಶಕ್ಕೊಂದು ಅಖಾಡ

ಹಳಿಯಾಳದ ಕಡೆ ಇಬ್ಬರು ಪೈಲ್ವಾನರು ಮೈತುಂಬ ಮಣ್ಣು ಮೆತ್ತಿಕೊಂಡು ಒಬ್ಬರನ್ನೊಬ್ಬರು ಎತ್ತಿ ಒಗೆಯುವುದನ್ನು ಊರಿಗೆ ಊರೇ ಹಲಗೆ ಬಾರಿಸಿಕೊಂಡು ನೋಡುತ್ತದೆ. ಚಿತ್ ಆದವನು ಎದ್ದು ಮಣ್ಣು ಕೊಡವಿಕೊಳ್ಳುತ್ತಾನೆ, ಗೆದ್ದವನು ಅವನ ಹೆಗಲ ಮೇಲೆ ಕೈ ಹಾಕುತ್ತಾನೆ. ಯಾರೂ ಇದನ್ನು ಹುಚ್ಚು ಎನ್ನುವುದಿಲ್ಲ. ಅದೇ ವಯಸ್ಸಿನ ಇಬ್ಬರು ಗದ್ದೆಯ ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಣ್ಣಿಗೆ ಡಬ್ಬಿಯಂಥ ಗಾಗಲ್ ಬಿಗಿದುಕೊಂಡು, ಫೋಮಿನ ತೇಜಸ್ ಯುದ್ಧವಿಮಾನದ ಹಿಂದೆ ಫೋಮಿನ ಮಾರುತ್ ಬಿಟ್ಟು ಅಟ್ಟಾಡಿಸಿದರೆ ಮಾತ್ರ ಮನೆಯವರು ಧಾರವಾಡದಲ್ಲಿ ಒಳ್ಳೆಯ ಡಾಕ್ಟರು ಯಾರಿದ್ದಾರೆಂದು ಮೆಲ್ಲಗೆ ವಿಚಾರಿಸತೊಡಗುತ್ತಾರೆ. ಈ ಪಂಕ್ತಿಭೇದ ಸರಿಯಲ್ಲ. ರೇಡಿಯೊ ವಿಮಾನಗಳ ಹುಸಿ ಕಾಳಗ ಕುಸ್ತಿಯದೇ ಕುಲದ್ದು. ಉತ್ತರ ಕನ್ನಡದ ಮೂಡಣ ಸೆರಗಿನಲ್ಲಿ ಅದಕ್ಕೊಂದು ಕಣ ಸಲ್ಲಬೇಕು. ಆ ಕಣ ಹಳಿಯಾಳ, ಮುಂಡಗೋಡದ ಬಯಲಲ್ಲಿರಬೇಕೇ ಹೊರತು ದಾಂಡೇಲಿ, ಜೋಯಿಡಾದ ಕಾಡಲ್ಲಲ್ಲ. ನನ್ನ ವಾದ ಇಷ್ಟೆ.

ಆಟ ಹೀಗಿದೆ. ನಿಜವಾದ ಯುದ್ಧವಿಮಾನವನ್ನು ಹನ್ನೆರಡರಲ್ಲೊಂದು ಪಾಲಿಗೆ ಇಳಿಸಿ ಫೋಮಿನಲ್ಲಿ ಕೊರೆಯುತ್ತಾರೆ. ತೇಜಸ್ ರೆಕ್ಕೆಯಗಲ 8.2 ಮೀಟರ್; ಹನ್ನೆರಡರಿಂದ ಭಾಗಿಸಿದರೆ 68 ಸೆಂಟಿಮೀಟರ್, ಅಂದರೆ ಕಂಡಕ್ಟರ್ ಜೊತೆ ತುಸು ವಾದಿಸಿ ಬಸ್ಸಿನಲ್ಲಿ ಒಯ್ಯಬಹುದಾದ ಗಾತ್ರ. ಒಳಗೆ ಒಂದು ಬ್ರಷ್‌ಲೆಸ್ ಮೋಟರು, ಒಂದು ಲಿಪೊ ಬ್ಯಾಟರಿ, ರೆಕ್ಕೆಯ ಅಂಚು ಅಲ್ಲಾಡಿಸಲು ಹೆಬ್ಬೆರಳಿನಷ್ಟು ದೊಡ್ಡ ಸರ್ವೊಗಳು, ಪೈಲಟ್ ಕೂರಬೇಕಾದಲ್ಲಿ ಒಂದು ಪುಟ್ಟ ಕ್ಯಾಮೆರಾ. ಅದು ಕಂಡದ್ದೆಲ್ಲ 5.8 ಗಿಗಾಹರ್ಟ್ಸ್ ಅಲೆಯ ಮೇಲೆ ಕುರ್ಚಿಯಲ್ಲಿ ಕೂತವನ ಗಾಗಲ್ಲಿಗೆ ಬರುತ್ತದೆ. ಪ್ರತಿ ವಿಮಾನದ ಬಾಲಕ್ಕೂ ಉದ್ದನೆಯ ಕಾಗದದ ಪಟ್ಟಿ ಕಟ್ಟಿರುತ್ತದೆ. ಎದುರಾಳಿಯ ಪಟ್ಟಿಯನ್ನು ತುಂಡರಿಸಿದವನಿಗೆ ಅಂಕ. ಇದು ಯಾರೋ ಪುಂಡರು ಕಟ್ಟಿದ ನಿಯಮವಲ್ಲ. ತಂತಿ ಹಿಡಿದು ಹಾರಿಸುವ ವಿಮಾನಗಳ ಇಂಥದೇ ಕಾದಾಟವನ್ನು ವಿಶ್ವ ವೈಮಾನಿಕ ಕ್ರೀಡಾ ಒಕ್ಕೂಟವಾದ ಎಫ್‌ಎಐ ಎಫ್2ಡಿ ಎಂಬ ಹೆಸರಿನಲ್ಲಿ ಪಟ್ಟಿಮಾಡಿ ವಿಶ್ವ ಚಾಂಪಿಯನ್‌ಶಿಪ್ಪನ್ನೇ ನಡೆಸುತ್ತದೆ. ನಮ್ಮ ಗಾಳಿಪಟದ ಹುಡುಗರಿಗಂತೂ ಇದರ ತಿರುಳನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸವೆಂದರೆ ಗಾಜುಪುಡಿ ಮೆತ್ತಿದ ಮಾಂಜಾ ಹಕ್ಕಿಯ ರೆಕ್ಕೆಯನ್ನೂ ಬೈಕ್ ಸವಾರನ ಕತ್ತನ್ನೂ ಕೊಯ್ದು ಕೊನೆಗೆ 2017ರಲ್ಲಿ ಹಸಿರು ನ್ಯಾಯಮಂಡಳಿಯಿಂದ ನಿಷೇಧ ಹೊತ್ತುಕೊಂಡಿತು. ಕಾಗದದ ಪಟ್ಟಿ ಯಾರ ಕತ್ತನ್ನೂ ಕೊಯ್ಯದು.

ವಿಮಾನ ಹಾರಿಸುವುದೇನೋ ಸರಿ, ಕಣ್ಣಿಗೆ ಡಬ್ಬಿ ಯಾಕೆ, ತಲೆಯೆತ್ತಿ ನೋಡಿ ಆಡಿದರಾಗದೇ ಎಂದು ಕೇಳುವವರಿದ್ದಾರೆ. ಆಗದು. ನೆಲದಲ್ಲಿ ನಿಂತವನಿಗೆ ಆಕಾಶ ಒಂದು ಚಪ್ಪಟೆ ಹಲಗೆ. ಎರಡು ವಿಮಾನ ಇನ್ನೇನು ಮುಟ್ಟಿದವು ಎನ್ನುವಾಗ ಅವುಗಳ ನಡುವೆ ನಲವತ್ತು ಮೀಟರ್ ಅಂತರವಿರುತ್ತದೆ. ಯಾವುದು ಮುಂದೆ, ಯಾವುದು ಹಿಂದೆ ಎಂದು ತಿಳಿಯುವುದು ದೈವೇಚ್ಛೆ. ಮೇಲಾಗಿ ವಿಮಾನ ನಮ್ಮತ್ತ ತಿರುಗಿತೆಂದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ, ಉಳಿದ ಕೆಲಸವನ್ನು ನೆಲ ಮಾಡುತ್ತದೆ. ಗಾಗಲ್ ಹಾಕಿಕೊಂಡವನು ವಿಮಾನದ ಒಳಗೇ ಕೂತಿರುತ್ತಾನೆ, ಅವನ ಎಡ ವಿಮಾನದ ಎಡವೇ. ಆದರೆ ಅವನಿಗೆ ಎದುರಿನದಷ್ಟೇ ಕಾಣುತ್ತದೆ. ಹೀಗಾಗಿ ಕಾಳಗದ ಮುಕ್ಕಾಲು ಪಾಲು ಸಮಯ ಕಾದುವುದರಲ್ಲಲ್ಲ, ಎಲ್ಲಿ ಹೋದ ಇವನು ಎಂದು ಹುಡುಕುವುದರಲ್ಲಿ ಕಳೆಯುತ್ತದೆ. ಈ ಹುಡುಕಾಟವನ್ನು ಹತ್ತಿರದಿಂದ ನೋಡಬೇಕು. ವಿಮಾನ ಎಡಕ್ಕೆ ಮಗುಚಿದಾಗ ಕುರ್ಚಿಯಲ್ಲಿದ್ದವನೂ ಎಡಕ್ಕೆ ವಾಲುತ್ತಾನೆ, ಬಾಯಿ ಅರೆತೆರೆದಿರುತ್ತದೆ, ಎರಡು ಹೆಬ್ಬೆರಳು ಬಿಟ್ಟರೆ ಮೈಯಲ್ಲಿ ಬೇರೆ ಯಾವುದರ ಮೇಲೂ ಅವನಿಗೆ ಹತೋಟಿಯಿಲ್ಲ. ವಿಮಾನ ಒಂದು ಮಾವಿನ ಮರದ ಹಿಂದೆ ಸರಿದರೆ ಗಾಗಲ್ಲಿನಲ್ಲಿ ಹಳೆಯ ದೂರದರ್ಶನದ ಮಳೆ ಸುರಿಯತೊಡಗುತ್ತದೆ, ಅವನು ಆಂಟೆನಾ ಸರಿಪಡಿಸುವ ತಾತನಂತೆ ಕತ್ತನ್ನು ಅತ್ತಿತ್ತ ಕೊಂಕಿಸುತ್ತಾನೆ. ಪರದೆಯ ಮೂಲೆಯಲ್ಲಿ ಬ್ಯಾಟರಿಯ ಲೆಕ್ಕ ಇಳಿಯುತ್ತಿರುತ್ತದೆ: ಒಂದು ಸೆಲ್ಲಿಗೆ 4.2 ವೋಲ್ಟ್‌ನಿಂದ ಶುರುವಾದದ್ದು 3.5ಕ್ಕೆ ಬಂತೆಂದರೆ ಶತ್ರು ಎಷ್ಟೇ ಹತ್ತಿರವಿದ್ದರೂ ಮನೆಗೆ ಹೊರಡಬೇಕು.

ಇನ್ನು, ಅಸಲಿ ವಿಮಾನದ ರೂಪವೇ ಯಾಕೆ ಬೇಕು, ಒಂದು ತ್ರಿಕೋನದ ಫೋಮ್ ಹಾಳೆ ಸಾಲದೇ ಎಂಬುದು ಜಿಪುಣರ ಆಕ್ಷೇಪ. ಹಾರಾಟಕ್ಕೆ ಸಾಕು, ನಿಜ. ಆದರೆ ಆಗ ಎದುರಾಳಿ ಯಾರೆಂಬುದೇ ಇಲ್ಲವಾಗುತ್ತದೆ. ಕುಸ್ತಿಗೆ ಜೋಡಿ ಕಟ್ಟುವಾಗ ಪೈಲ್ವಾನನ ಊರು, ಗರಡಿ ಎರಡನ್ನೂ ಕೂಗಿ ಹೇಳುವುದು ಸುಮ್ಮನೆ ಅಲ್ಲ. ಮೇಲಾಗಿ ನಮ್ಮ ರಾಜ್ಯದಲ್ಲೇ ಹುಟ್ಟಿದ ವಿಮಾನಗಳಿರುವಾಗ ಮುಖವಿಲ್ಲದ ಹಾಳೆ ಹಾರಿಸುವುದು ದಾರಿದ್ರ್ಯ. ಎರಡನೇ ಮಹಾಯುದ್ಧದ ಫೊಕ್ಕೆ-ವುಲ್ಫ್ 190 ರಚಿಸಿದ ಜರ್ಮನ್ ಎಂಜಿನಿಯರ್ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಎಚ್‌ಎಎಲ್‌ಗಾಗಿ ಮಾಡಿಕೊಟ್ಟ ಎಚ್‌ಎಫ್-24 ಮಾರುತ್ ಮೊದಲು ಹಾರಿದ್ದು 1961ರ ಜೂನ್ 17ರಂದು. ಚೂಪು ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ, ನೋಡಿದವರು ಇದು ಶಬ್ದದ ಎರಡು ಪಟ್ಟು ಓಡುತ್ತದೆಂದೇ ನಂಬಬೇಕು. ಆದರೆ ಅದಕ್ಕೆ ತಕ್ಕ ಎಂಜಿನ್ ಕೊನೆಯವರೆಗೂ ಸಿಗಲಿಲ್ಲ. ಸಿಕ್ಕ ಎರಡು ಆರ್ಫಿಯಸ್ ಎಂಜಿನ್‌ಗಳಲ್ಲೇ 1971ರ ಯುದ್ಧದಲ್ಲಿ ಲೋಂಗೆವಾಲಾದ ಕದನದವರೆಗೆ ದುಡಿದು ಮುಂದೆ ನಿವೃತ್ತಿಯಾಯಿತು. ಫೋಮಿನ ಮಾರುತ್ ಈ ಕೊರಗನ್ನು ತೀರಿಸುತ್ತದೆ. ಈಗಿನ ಪುಟ್ಟ ಮೋಟರುಗಳು ವಿಮಾನದ ತೂಕಕ್ಕಿಂತ ಹೆಚ್ಚಿನ ನೂಕುಬಲ ಕೊಡುತ್ತವೆ, ಮೂತಿ ಮೇಲೆ ಮಾಡಿ ಬಿಟ್ಟರೆ ನೆಟ್ಟಗೆ ಏರುತ್ತದೆ. ಟ್ಯಾಂಕ್ ಸಾಹೇಬರಿಗೆ ದಿಲ್ಲಿ ಒದಗಿಸಲಾರದ ಎಂಜಿನ್ನನ್ನು ಹಳಿಯಾಳದ ಹುಡುಗ ಕೊರಿಯರಿನಲ್ಲಿ ತರಿಸಿಕೊಳ್ಳುತ್ತಾನೆ.

ದಾಂಡೇಲಿಯವರು ಇಲ್ಲಿ ಮುನಿಸಿಕೊಳ್ಳಬಹುದು. ರ್‍ಯಾಫ್ಟಿಂಗ್, ರಿಸಾರ್ಟು, ಪ್ರವಾಸಿಗರು ಎಲ್ಲ ಇರುವಾಗ ಈ ಆಟ ನಮಗೇಕೆ ಬೇಡ ಎಂದು. ಉತ್ತರ ಸರಳ: ಅಲ್ಲಿನ ಆಕಾಶ ಖಾಲಿ ಇಲ್ಲ. ಕಾಳಿ ಕಣಿವೆಯ ದೊಡ್ಡ ಮಂಗಟ್ಟೆಯ ರೆಕ್ಕೆಯಗಲ ಒಂದೂವರೆ ಮೀಟರ್. ನಮ್ಮ ಫೋಮಿನ ತೇಜಸ್ ಅದರ ಅರ್ಧಕ್ಕೂ ಬಾರದು. ಹಾರುವಾಗ ಅದರ ರೆಕ್ಕೆ ಏಳಿಸುವ ಸದ್ದಿನ ಮುಂದೆ ನಮ್ಮ ಮೋಟರಿನದು ಬರೀ ಗುಂಗುರು. ಅದೂ ಹೋಗಲಿ, ಡಾಗ್‌ಫೈಟ್ ವಿದ್ಯೆಯಲ್ಲೂ ಈ ಹಕ್ಕಿ ನಮಗಿಂತ ಹಿರಿಯ. ದೊಡ್ಡ ಮಂಗಟ್ಟೆಗಳು ಹಾರುತ್ತಲೇ ಎದುರುಬದುರಾಗಿ ಬಂದು ಕೊಕ್ಕಿನ ಮೇಲಿನ ಶಿರಸ್ತ್ರಾಣಗಳನ್ನು ಡಿಕ್ಕಿ ಹೊಡೆಸುವುದನ್ನು ಪಕ್ಷಿತಜ್ಞರು ದಾಖಲಿಸಿದ್ದಾರೆ. ಇಂಥ ಉಸ್ತಾದರ ಕಣಕ್ಕೆ ಕರೆಯದೆ ಇಳಿಯುವುದು ಸಭ್ಯತೆಯಲ್ಲ. ತಮಾಷೆ ಬದಿಗಿಟ್ಟರೆ ಕಾರಣ ಇನ್ನೂ ಗಟ್ಟಿ. ಕೊಯ್ಲು ಮುಗಿದು ಗದ್ದೆ ಬಯಲಾಗಿ ವಿಮಾನಕ್ಕೆ ಹೇಳಿ ಮಾಡಿಸಿದಂತಿರುವ ತಿಂಗಳುಗಳಲ್ಲೇ ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಸೇರಿ ಅದರ ಬಾಯಿಯನ್ನು ಮುಚ್ಚಿಕೊಂಡು ಕೂರುತ್ತದೆ, ಬಿರುಕಿನಷ್ಟು ಸಂದಿಯೊಂದನ್ನು ಬಿಟ್ಟು. ಗಂಡು ಹಗಲೆಲ್ಲ ಅತ್ತಿ, ಆಲದ ಹಣ್ಣು ಹೊತ್ತು ತಂದು ಆ ಸಂದಿಯಲ್ಲಿ ತುರುಕಬೇಕು. ಅದು ಬೆದರಿ ದಾರಿ ತಪ್ಪಿದರೆ ಒಳಗಿನ ಸಂಸಾರಕ್ಕೆ ಉಪವಾಸ. ದಾಂಡೇಲಿಯ ಸುತ್ತ 2011ರಲ್ಲಿ ಮಂಗಟ್ಟೆಗೆಂದೇ ಸಂರಕ್ಷಣಾ ಮೀಸಲು ಘೋಷಣೆಯಾಗಿದೆ. ದಾಂಡೇಲಿ-ಅಣಶಿ ಎಂದಿದ್ದ ಹುಲಿ ಮೀಸಲಿಗೆ 2015ರಿಂದ ಕಾಳಿಯ ಹೆಸರಿದೆ. ಅಲ್ಲಿ ಅನುಮತಿಯಿಲ್ಲದೆ ಏನನ್ನೂ ಹಾರಿಸುವಂತಿಲ್ಲ. ಜೋಯಿಡಾದ ಗಡಿ ದಾಟಿ ಇಳಿದರೆ ಕೈಗಾ ಅಣುಸ್ಥಾವರ. ಅದರ ಮೇಲೆ ಪುಟ್ಟ ಯುದ್ಧವಿಮಾನ ಕಾಣಿಸಿಕೊಂಡರೆ ಅದು ಫೋಮಿನದ್ದೆಂದು ವಿವರಿಸುವಷ್ಟು ವ್ಯವಧಾನ ಯಾರೂ ಕೊಡಲಾರರು. ಮುಂಡಗೋಡಕ್ಕೂ ಒಂದು ಷರತ್ತಿದೆ: ಅತ್ತಿವೇರಿ ಪಕ್ಷಿಧಾಮದ ದಿಕ್ಕಿಗೆ ತಲೆ ಹಾಕಬಾರದು.

ಕಾನೂನಿನಲ್ಲಿ ಮಾತ್ರ ಒಂದು ಸೊಗಸಾದ ತೊಡಕಿದೆ. 2021ರ ಡ್ರೋನ್ ನಿಯಮಗಳು ಹಸಿರು ವಲಯವೆಂದು ಗುರುತಿಸಿದ ಆಕಾಶದಲ್ಲಿ 400 ಅಡಿಯವರೆಗೆ ಹಾರಲು ಬಿಡುತ್ತವೆ, ಆದರೆ ಮಾದರಿ ವಿಮಾನವೆಂದರೆ ಕಣ್ಣಳತೆಯಲ್ಲೇ ಹಾರುವಂಥದ್ದು ಎನ್ನುತ್ತವೆ. ಗಾಗಲ್ ಹಾಕಿಕೊಂಡವನ ಕಣ್ಣಳತೆಯಲ್ಲಿ ಅವನ ಸ್ವಂತ ವಿಮಾನವೊಂದನ್ನು ಬಿಟ್ಟು ಉಳಿದೆಲ್ಲ ಇರುತ್ತದೆ. ಆದ್ದರಿಂದ ವಿಮಾನವನ್ನು ಹತ್ತಿರದಲ್ಲೇ ಆಡಿಸಬೇಕು, ಪಕ್ಕದಲ್ಲಿ ಬರಿಗಣ್ಣಿನವನೊಬ್ಬನನ್ನು ನಿಲ್ಲಿಸಿಕೊಳ್ಳಬೇಕು: ಹದ್ದು ಬಂತು, ಕರೆಂಟಿನ ತಂತಿ ಇದೆ, ಯಾರೋ ಎಮ್ಮೆ ಹೊಡಕೊಂಡು ಬರುತ್ತಿದ್ದಾರೆ ಎಂದು ಒದರುತ್ತಿರಲು. ಇಷ್ಟಾದರೂ ನಿಯಮದ ಅಕ್ಷರಕ್ಕೆ ತೃಪ್ತಿಯೋ ಇಲ್ಲವೋ ಎಂಬುದನ್ನು ವಕೀಲರಿಗೆ ಬಿಡೋಣ.

ಎಲ್ಲಕ್ಕಿಂತ ತೂಕದ ಆಕ್ಷೇಪ ಬೇರೆಯದು. ಯುದ್ಧವನ್ನು ಆಟ ಮಾಡುವುದು ಸರಿಯೇ? ಇದೇ ಗಾಗಲ್, ಇದೇ ಕ್ಯಾಮೆರಾ, ಇದೇ ಮೋಟರುಗಳಿಂದ ಉಕ್ರೇನಿನಲ್ಲಿ ದಿನಾ ಮನುಷ್ಯರನ್ನು ಕೊಲ್ಲುತ್ತಿದ್ದಾರಲ್ಲ? ಇದನ್ನು ನಗೆಯಲ್ಲಿ ಹಾರಿಸಿಬಿಡಲಾಗದು. ನಿಜವಾದ ಆಕಾಶ ಕಾಳಗದ ಬೆಲೆ ಕನ್ನಡನಾಡಿಗೆ ಗೊತ್ತು: ಕೊಡಗಿನ ಸ್ಕ್ವಾಡ್ರನ್ ಲೀಡರ್ ಎ. ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾದ ಬಳಿ ತಮ್ಮ ಮಿಸ್ಟೇರ್‌ನಲ್ಲಿ, ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಜೊತೆ ಕಾದಿ ಅದನ್ನು ಕೆಡವಿದರು, ತಾವೂ ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅಂಥದರ ಪಕ್ಕದಲ್ಲಿ ಫೋಮಿನ ಹಾರಾಟವನ್ನು ಶೌರ್ಯವೆಂದು ಕರೆದರೆ ನಾಚಿಕೆಗೇಡು, ನಾನು ಕರೆಯುತ್ತಿಲ್ಲ. ಆದರೆ ಉಪಕರಣ ಒಂದೇ ಎಂದ ಮಾತ್ರಕ್ಕೆ ಕೆಲಸ ಒಂದೇ ಆಗದು. ಉಕ್ರೇನಿನ ಕೊಲೆಗಾರ ಡ್ರೋನನ್ನು ಹಾರಿಸುವುದೇ ತಿರುಗಿ ಬಾರದಿರಲೆಂದು. ಇಲ್ಲಿ ವಿಮಾನವನ್ನು ಇಡಿಯಾಗಿ ಇಳಿಸದವನು ಅರ್ಧ ಸೋತಂತೆ. ಗುದ್ದಿದವನಿಗೆ ಅಂಕವಿಲ್ಲ, ಕಾಗದ ಕತ್ತರಿಸಿದವನಿಗಷ್ಟೇ ಅಂಕ. ಮುಂಡಗೋಡದವರಿಗೆ ಈ ಭೇದವನ್ನು ನಾನು ಕಲಿಸಬೇಕಾಗಿಲ್ಲ. 1966ರಿಂದ ಅಲ್ಲಿ ನೆಲೆಸಿದ ಟಿಬೆಟನ್ನರ ಗಾದೆನ್, ದ್ರೆಪುಂಗ್ ಮಠಗಳ ಅಂಗಳದಲ್ಲಿ ಭಿಕ್ಷುಗಳು ತರ್ಕಕ್ಕೆ ನಿಲ್ಲುವುದನ್ನು ನೋಡಿ: ಕೂತವನ ಮುಂದೆ ನಿಂತವನು ಕಾಲಪ್ಪಳಿಸಿ, ಕೈಗೆ ಕೈ ಚಟೀರೆಂದು ಹೊಡೆದು ಪ್ರಶ್ನೆ ಎಸೆಯುತ್ತಾನೆ. ದೂರದಿಂದ ನೋಡಿದ ಹೊಸಬ ಪೊಲೀಸರಿಗೆ ಫೋನು ಮಾಡಿಯಾನು. ಅಹಿಂಸೆಯನ್ನೇ ಬಾಳುವ ಜನ ದಿನಾ ಸಂಜೆ ಹೀಗೆ ಕಾದುತ್ತಾರೆಂದರೆ, ನಿಯಮವಿದ್ದ ಜಗಳ ಹಿಂಸೆಯ ತಮ್ಮನೇನೂ ಅಲ್ಲ.

ಇಷ್ಟೆಲ್ಲ ಯಾಕೆ, ಕಂಪ್ಯೂಟರಿನಲ್ಲೇ ಸಿಮ್ಯುಲೇಟರ್ ಇದೆಯಲ್ಲ ಎಂಬ ಜಾಣರಿಗೆ ಒಂದೇ ಮಾತು: ಕಂಪ್ಯೂಟರಿನಲ್ಲಿ ಕಬ್ಬಿನ ಗದ್ದೆ ಇಲ್ಲ. ಹಳಿಯಾಳದಲ್ಲಿ ಭತ್ತದ ಬಯಲಿನ ಪಕ್ಕಕ್ಕೇ ಆಳೆತ್ತರದ ಕಬ್ಬು. ಸಕ್ಕರೆ ಕಾರ್ಖಾನೆಯ ಗಾಡಿ ಬರುವ ತನಕ ಅದು ಅಲ್ಲೇ ನಿಂತಿರುತ್ತದೆ, ಬಿದ್ದ ವಿಮಾನವನ್ನು ಅವುಚಿಕೊಂಡು. ಒಳಹೊಕ್ಕರೆ ರವುದಿ ಕೈಕಾಲು ಗೀರುತ್ತದೆ, ವಿಮಾನದೊಳಗಿನ ಬೀಪರಿನ ಕುಂಯ್‌ಗುಟ್ಟುವಿಕೆ ನಾಲ್ಕೂ ದಿಕ್ಕಿನಿಂದ ಕೇಳುತ್ತದೆ, ಗದ್ದೆಯ ಗೌಡರು ಬದುವಿನ ಮೇಲೆ ನಿಂತು "ಏನ್ ತಮ್ಮಾ, ನಿನ್ನ ಇಮಾನ ನಮ್ಮ ಕಬ್ಬಿನ್ಯಾಗ ಎಷ್ಟ ದಿನ ಇರ್ತೈತಿ?" ಎಂದು ವಿಚಾರಿಸುತ್ತಾರೆ. ಈ ಭಯ ಬೆನ್ನಿಗಿದ್ದಾಗಲೇ ಮನುಷ್ಯ ಎಚ್ಚರದಿಂದ ಹಾರಿಸುತ್ತಾನೆ. ವಿದ್ಯುತ್ ತಂತಿಯ ಮೇಲಿನ ಕಾಜಾಣವನ್ನು ಗುರುವಾಗಿಟ್ಟುಕೊಂಡರೂ ಆದೀತು: ತನಗಿಂತ ಎಷ್ಟೋ ಪಟ್ಟು ಭಾರದ ಹದ್ದನ್ನು ಅದು ಯಾವಾಗಲೂ ಮೇಲಿನಿಂದ, ಹಿಂದಿನಿಂದ ಎರಗಿ ಊರಾಚೆ ದಾಟಿಸುತ್ತದೆ, ಗರಿಯೊಂದನ್ನೂ ಕಳೆದುಕೊಳ್ಳದೆ. ಖರ್ಚಿನ ಮಾತು ಎತ್ತುವವರು ಪೈಲ್ವಾನನೊಬ್ಬನ ದಿನದ ಹಾಲು, ಬಾದಾಮಿಯ ಲೆಕ್ಕವನ್ನೊಮ್ಮೆ ಹಾಕಿ ನೋಡಲಿ. ಬಹುಮಾನದ ವಿಷಯವೊಂದು ಬಾಕಿ ಇದೆ. ಕುಸ್ತಿಯಂತೆ ಇಲ್ಲೂ ಬೆಳ್ಳಿ ಕಡಗ ಇಡಬೇಕೆಂದು ಕೆಲವರು ಹಟ ಹಿಡಿಯಬಹುದು. ಬೇಡ. ಬೆಳ್ಳಿ ಬಂದಲ್ಲಿ ಪಂಚರ ಮೇಲೆ ಅನುಮಾನವೂ ಬರುತ್ತದೆ. ಗೆದ್ದವನಿಗೆ ಸೋತವನ ಬಾಲದ ಕಾಗದ ಸಾಕು. ಸೋತವನಿಗೆ ಅರ್ಧ ಸುತ್ತು ಟೇಪು, ಎರಡು ಕಡ್ಡಿ ಗ್ಲೂ, ಕಬ್ಬಿನ ಗೌಡರಿಗೆ ಒಂದು ಚಹಾ. ಅದರ ದುಡ್ಡನ್ನು ಯಾರು ಕೊಡಬೇಕೆಂಬುದು ಮೊದಲೇ ತೀರ್ಮಾನವಾಗಿರಲಿ.