ದನಿಗೊಂದು ಇಸ್ತ್ರಿ ಅಂಗಿ

ಫೋನ್ ಇಂಟರ್‌ವ್ಯೂಗೆ ಇಸ್ತ್ರಿ ಅಂಗಿ ಯಾಕ್ರೀ ಅಂದಳು ನನ್ನವಳು. ಅಂಗಿ ಗರಿಗರಿಯಾಗಿದ್ದರೆ ದನಿಗೂ ಗತ್ತು ಬರುತ್ತೆ ಕಣೇ ಅಂದೆ. ಕೆಳಗಿದ್ದ ಚೌಕಳಿ ಲುಂಗಿ ದನಿಯ ವ್ಯಾಪ್ತಿಗೆ ಬರುವುದಿಲ್ಲ.

ಹಲಸೂರಿನಲ್ಲಿ ನೆಂಟರಿಗೆ ಜಾಗ ಹೊಂದಿಸಬಹುದು, ನಿಶ್ಶಬ್ದಕ್ಕೆ ಕಷ್ಟ. ಅಡುಗೆಮನೆಯಲ್ಲಿ ಕುಕ್ಕರ್, ಬಾಲ್ಕನಿಗೆ ಬಂದರೆ 2011ರ ಅಕ್ಟೋಬರ್‌ನಿಂದ ಓಡುತ್ತಲೇ ಇರುವ ಮೆಟ್ರೊ. ಉಳಿದದ್ದು ಬಚ್ಚಲುಮನೆ. ಗೀಸರಿಗೆ ಬಯೋಡೇಟಾ ಅಂಟಿಸಿ, ಮಗ್ಗಿನಲ್ಲಿ ಕುಡಿಯುವ ನೀರಿಟ್ಟುಕೊಂಡು, ಬಕೆಟ್ ಬೋರಲು ಹಾಕಿ ಕೂತೆ. ನಗುತ್ತಾ ಮಾತಾಡಿದರೆ ನಗು ಆ ಕಡೆಗೂ ಕೇಳಿಸುತ್ತದಂತೆ. ಕನ್ನಡಿ ನೋಡಿ ನಕ್ಕೆ. ಕನ್ನಡಿ ನಗಲಿಲ್ಲ. ಬಚ್ಚಲಿನ ಪ್ರತಿಧ್ವನಿಯಲ್ಲಿ ನನ್ನ ಮಾತೆಲ್ಲ ಎರಡೆರಡು ಸಲ ಕೇಳಿಸಿ, ಅನುಭವವೂ ದುಪ್ಪಟ್ಟಾಗಿ ಕಂಡಿರಬೇಕು.

"ದಿನಾ ವೈಟ್‌ಫೀಲ್ಡ್‌ಗೆ ಬರೋಕಾಗುತ್ತಾ ಸರ್?" ಅಂದರು ಆ ಮೇಡಂ. ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ ಅರ್ಧ ಆಯುಷ್ಯ ಕಳೆದವನ ಹತ್ತಿರ! ಪುಣ್ಯಕ್ಕೆ 2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿ–ಕೆ.ಆರ್. ಪುರದ ಮೆಟ್ರೊ ಕೊಂಡಿ ಕೂಡಿತ್ತು. ಧೈರ್ಯವಾಗಿ "ಖಂಡಿತ" ಅಂದೆ.

"ನಿಮ್ಮ ವಿಶೇಷತೆ ಏನು?" ಅಂತ ಕೇಳುವುದಕ್ಕೂ, ಕಿಟಕಿಯಾಚೆ ಗುಜರಿ ಆಟೊದ ಮೈಕು "ಹಳೇ ಕಬ್ಬಿಣ, ಹಳೇ ಪ್ಲಾಸ್ಟಿಕ್" ಅನ್ನುವುದಕ್ಕೂ ಸರಿಹೋಯಿತು. ಕ್ಷಮೆ ಕೇಳಿ, ಶಿಸ್ತು, ತಾಳ್ಮೆ ಅಂತೆಲ್ಲ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಅದೇ ಮೈಕು, ಅದೇ ಗಂಟಲು, ಈಗ ಫೋನಿನೊಳಗಿಂದ! ಮೇಡಂ ಕೂಡ ವರ್ಕ್ ಫ್ರಂ ಹೋಮ್, ಅದೂ ನಮ್ಮ ಪಕ್ಕದ ಬೀದಿಯಲ್ಲೇ.

"ಒಂದ್ನಿಮಿಷ ಲೈನಲ್ಲಿರಿ ಸರ್," ಅಂದರು, "ಹಳೇ ಮಿಕ್ಸಿ ಕೊಡೋದಿದೆ."